ತೋಳಿಗೆ ಪುಕ್ಕ, ಬಾಲಕ್ಕೆ ಪುಕ್ಕ

ನನ್ನ ಅವ್ವಗ,

ಧನಕವಡಿಯ ನಮ್ಮ ವೇಷಭೂಷಣದ ಅಂಗಡಿಗೆಂದು ನೀನು ಹೊಲಿದ ಹಸಿರು ಡೈನೋಸಾರ್ ಉಡುಪು ನೆನಪಿದೆಯಾ? ನನ್ನ ಶಾಲೆಯ ವೇಷ ಸ್ಪರ್ಧೆಯ ಹಿಂದಿನ ದಿನ ಇಲಿ ಅದರ ತೋಳು, ಬಾಲ ಕಡಿದಿತ್ತು. ಹಸಿರು ಬಟ್ಟೆ ಮುಗಿದಿತ್ತು. ಕೋಳಿ ವೇಷಕ್ಕೆ ತಂದು ಉಳಿದಿದ್ದ ಪುಕ್ಕಗಳನ್ನೇ ನೀನು ತೂತಿನ ಮೇಲೆ ಹೊಲಿದುಬಿಟ್ಟೆ. ನಾನು ಮುಖ ಸಣ್ಣ ಮಾಡಿದೆ. "ಡೈನೋಸಾರ್ ಯಾರ್ ನೋಡ್ಯಾರ? ಹಾಕ್ಕೋ ಸುಮ್ನ. ಭಾಳ ಚಂದ ಕಾಣ್ತಿ" ಅಂದೆ ನೀನು.

ವೇದಿಕೆಯ ಮೇಲೆ ತೀರ್ಪುಗಾರರು ಮೈಕಿನಲ್ಲೇ, "ಹೀ ಕೋಂಬಡೀ ಆಹೇ ಕಾ ಡಾಯನಾಸೋರ್?" ಅಂದರು. ಕೋಳಿಯೋ ಡೈನೋಸಾರೋ! ಸಭೆಯೆಲ್ಲ ನಕ್ಕಿತು. ಮುಖವಾಡದ ಒಳಗೆ ನನಗೆ... ನೀನೊಬ್ಬಳೇ ಹಿಂದಿನ ಸಾಲಿನಿಂದ ಚಪ್ಪಾಳೆ ತಟ್ಟುತ್ತಿದ್ದೆ. ಆಮೇಲೆ ಅದನ್ನು ಯಾರೂ ಬಾಡಿಗೆಗೆ ಒಯ್ಯಲಿಲ್ಲ. "ಒಗದ್ಬಿಡವ್ವಾ" ಎಂದು ನಾನಂದರೆ, "ಅದರ ಗಿರಾಕಿ ಬರ್ತದ, ತಡಿ" ಎನ್ನುತ್ತ ನೀನು ಬಿಸಿಲಿಗೆ ಹರವುತ್ತಿದ್ದೆ.

ಕಳೆದ ವಾರ ಪತ್ರಿಕೆ ಬಿಚ್ಚಿದವಳು ಕೂತಲ್ಲಿಂದ ಎದ್ದು ನಿಂತೆ. ದೂರದ ದೇಶದ ಬಂಡೆಯೊಂದರಲ್ಲಿ ಹೊಸ ಜಾತಿಯ ಡೈನೋಸಾರ್ ಸಿಕ್ಕಿದೆ, ಅವ್ವ. ಎಲುಬುಗಳ ಸುತ್ತ ಕಲ್ಲಿನಲ್ಲಿ ಪುಕ್ಕಗಳ ಅಚ್ಚು! ಎಲ್ಲೆಲ್ಲಿ ಗೊತ್ತಾ? ತೋಳಿನಲ್ಲಿ, ಬಾಲದಲ್ಲಿ. ಪುಕ್ಕದ ಡೈನೋಸಾರ್‌ಗಳು ಮೊದಲೂ ಸಿಕ್ಕಿದ್ದವಂತೆ. ನಮಗೆ ಯಾರು ಹೇಳಿದ್ದರು?

ಎರಡು ದಿನ ಬಿಟ್ಟು ಕೊಂಢವಾದಿಂದ ಪುಟ್ಟ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದಳು. ಸ್ಪರ್ಧೆಗೆ ಆ ಹೊಸ ಡೈನೋಸಾರೇ ಆಗಬೇಕೆಂದು ಹಟ. "ಎಲ್ಲಾ ಅಂಗಡಿ ತಿರುಗಿದ್ವಿ ರೀ. ಕೇಳಿದ್ರ ನಗ್ತಾರ" ಅಂದರು ತಾಯಿ. ನಾನು ನಿನ್ನ ಉಡುಪು ಕೆಳಗಿಳಿಸಿದೆ. "ಮಮ್ಮೀ, ಇದ ಅದು!" ಎಂದು ಹುಡುಗಿ ಕುಣಿದಳು.

ನಿನ್ನೆ ಸ್ಪರ್ಧೆಯಲ್ಲಿ ಅವಳ ಬಾಲ ಹಿಡಿಯಲು ನಾನೂ ವೇದಿಕೆಯ ಅಂಚಿನಲ್ಲಿದ್ದೆ. ಈ ತೀರ್ಪುಗಾರರೂ ಅದೇ ಕೋಳಿಯ ಪ್ರಶ್ನೆ ಕೇಳಿದರು. ಸಭೆ ನಗತೊಡಗಿತು. ಹುಡುಗಿ ನನ್ನತ್ತ ತಿರುಗಿ ನೋಡಿದಳು. ಗಿರಾಕಿಗೆ ಬಾಡಿಗೆ ಹೇಳಲೂ ತಡವರಿಸುವ ನಾನು ಮೈಕ್ ಇಸಿದುಕೊಂಡೆ, ಅವ್ವ! ಇದು ಡೈನೋಸಾರೇ, ಈಗಷ್ಟೇ ಸಿಕ್ಕ ಜಾತಿ, ಬಂಡೆಯಲ್ಲಿ ಪುಕ್ಕದ ಅಚ್ಚು ನೋಡಿ ಎಂದು ಮರಾಠಿಯಲ್ಲಿ ಹೇಳಿ, ಜೊತೆಗೆ ತಂದಿದ್ದ ಪತ್ರಿಕೆಯ ಚಿತ್ರ ಎತ್ತಿ ಹಿಡಿದೆ. ನಗು ನಿಂತಿತು. ಎಲ್ಲೋ ಒಂದು ಚಪ್ಪಾಳೆ, ಆಮೇಲೆ ಇಡೀ ಸಭೆ... ತೀರ್ಪುಗಾರರು ಹೊಲಿದವರು ಯಾರೆಂದು ಕೇಳಿದರು.

"ನಮ್ಮವ್ವ" ಅಂದೆ, ಮೈಕಿನಲ್ಲೇ.

ಮೊದಲ ಬಹುಮಾನ ಆ ಹುಡುಗಿಗೇ ಬಂತು. ಉಡುಪು ಮಾತ್ರ ಇನ್ನೂ ಅಂಗಡಿಗೆ ವಾಪಸು ಬಂದಿಲ್ಲ. ಬಿಚ್ಚಲು ಒಪ್ಪದೆ ಅದರಲ್ಲೇ ನಿದ್ದೆ ಹೋದಳಂತೆ ನಿನ್ನ ಗಿರಾಕಿ.