ಮಲಗಿದ ಎತ್ತು

ಕಡ್ಡಿರಾಂಪುರ
25 ಜೂನ್ 2025, ಮಣ್ಣೆತ್ತಿನ ಅಮಾವಾಸ್ಯೆ

ಪ್ರೀತಿಯ ಅವ್ವಾ,

ನಾನು ಹೊಲಿಗೆ ಕ್ಲಾಸಿಗೆ ಹೋಗುತ್ತಿಲ್ಲ. ಯುಗಾದಿಯಿಂದಲೇ ಬಿಟ್ಟಿದ್ದೇನೆ. ನೀನು ನನಗೆಂದು ಮಷೀನು ಕೊಳ್ಳುವ ಮೊದಲೇ ಹೇಳಬೇಕಿತ್ತು. ಫೋನಿನಲ್ಲಾದರೆ ನಡುವೆಯೇ ಬೈಯುತ್ತೀ, ಅದಕ್ಕೇ ಕಾಗದ. ಈಗ ಹೇಳು, ಮೊಣಕಾಲು ನೋವು ಹೇಗಿದೆ? ಸಂಡೂರಿನ ಗಣಿ ಕ್ಯಾಂಪಿನಲ್ಲಿ ಅಷ್ಟು ಜನಕ್ಕೆ ನಿಂತೇ ರೊಟ್ಟಿ ಬಡಿಯಬೇಡ, ಒಂದು ಸ್ಟೂಲು ಕೇಳು. ಅಜ್ಜಿ ಗಟ್ಟಿಯಾಗಿದ್ದಾಳೆ, ಅವಳ ಬೈಗುಳವೂ.

ನಾನು ದಿನವೂ ಹೋಗುವುದು ಗಾಯತ್ರಿ ಟೀಚರ್ ನಡೆಸುವ ಶಿಶುವಿಹಾರಕ್ಕೆ. ಹತ್ತನೇ ಕ್ಲಾಸು ಬಿಟ್ಟವಳು ಮತ್ತೆ ಶಾಲೆಗೆ ಹೋದಳೇ ಎಂದು ನಗಬೇಡ. ಅಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ, ನನಗೆ ಹಿಡಿಸಿದ್ದೇ ಅದು. ಮಕ್ಕಳು ಬಾಳೆ ತೋಟದ ಬದುವಿನಿಂದ ಎಲೆ, ಕಲ್ಲು, ಹಕ್ಕಿ ಪುಕ್ಕ ಆರಿಸಿ ತರುತ್ತಾರೆ. ಅದರಲ್ಲಿ ಏನು ಮಾಡಬೇಕೆಂದು ಅವರೇ ಹೇಳುತ್ತಾರೆ. ನೀರು ತಂದಿಡುವುದು, ಯಾರೂ ಕಲ್ಲು ನುಂಗದಂತೆ ನೋಡುವುದು ನಮ್ಮ ಪಾಲು.

ನಿನ್ನೆ ಕಾಲುವೆಯ ಮಣ್ಣು ತಂದು ಎತ್ತು ಮಾಡಲು ಕುಳಿತೆವು. ಜಂಬುನಾಥ ಅಂತ ನಾಲ್ಕು ವರ್ಷದವನೊಬ್ಬನಿದ್ದಾನೆ. ಒಂದು ಉಂಡೆ ಮಾಡಿ, ಮೇಲೆ ಎಲೆ ಹೊದಿಸಿ, "ಎತ್ತು ಮಕ್ಕೊಂಡೈತಿ" ಅಂದ. ಪೂಜೆಗೆ ಇದು ಹೇಗಾದೀತು ಎಂದು ನಾನು ಎಲೆ ಕಿತ್ತು, ಕಾಲು, ಕೋಡು, ಬಾಲ ಎಲ್ಲ ಅಂಟಿಸಿಕೊಟ್ಟೆ. ಮಸ್ತ್ ಎತ್ತು, ಅವ್ವಾ! ಅವನು ತಿರುಗಿಸಿ ತಿರುಗಿಸಿ ನೋಡಿ, "ಇದು ನಿಂದು ಆತು, ಅಕ್ಕಾ. ನಂದು ಎಲ್ಲಿ ಹೋತು?" ಎಂದ. ಅಳಲಿಲ್ಲ. ಬಗ್ಗಿ ಮೇಜಿನ ಕೆಳಗೆ ಹುಡುಕಿದ.

ಬೇರೆ ಮಣ್ಣು ಕೊಟ್ಟು, ನನ್ನ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತೆ. ಅಷ್ಟು ಹೊತ್ತು ಒಂದೇ ಕಡೆ ನಾನು ಎಂದೂ ಕುಳಿತವಳಲ್ಲ, ನಿನಗೇ ಗೊತ್ತು. ಈ ಸಲ ಅವನ ಎತ್ತು ಎರಡೆರಡು ಎಲೆ ಹೊದ್ದು ಮಲಗಿತು.

ಇವತ್ತು ಅದನ್ನು ನಮ್ಮ ಮನೆಗೂ ಹೊತ್ತು ತಂದಿದ್ದ. "ಕೋಡಿಲ್ಲ, ಕಾಲಿಲ್ಲ, ಇದಕ್ಕ ಕುಂಕುಮ ಎಲ್ಲಿ ಹಚ್ಲಿ ಲೇ?" ಎಂದು ಅಜ್ಜಿ ಗದರಿದಳು. "ಮೆಲ್ಲಕ ಹಚ್ಚವ್ವ, ಎದ್ದೀತು" ಎಂದ. ಅಜ್ಜಿ ಒಂದೇ ಬೆರಳಲ್ಲಿ, ಉಸಿರು ಹಿಡಿದು ಹಚ್ಚಿದಳು.

ಕೆಂಪು ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೋ. ನಿನ್ನ ಪಾಲಿನ ಹೋಳಿಗೆ ನಾನೇ ತಿಂದೆ.

ನಿನ್ನ ಮಗಳು,
ಸ್ನೇಹಾ

ಇನ್ನೊಂದು: ಮಷೀನು ತರಬೇಡ. ಟೀಚರ್ ತಂಗಿ ಕಂಪ್ಲಿಯಲ್ಲಿ ಶಿಶುವಿಹಾರ ತೆರೆದಿದ್ದಾರೆ. ಅವರ ಮನೆಯಲ್ಲೇ ಇದ್ದು ಮಕ್ಕಳನ್ನು ನೋಡಿಕೊಳ್ಳಬೇಕು, ಜೊತೆಗೆ ಹತ್ತನೆಯ ಪರೀಕ್ಷೆ ಕಟ್ಟಬೇಕು ಎಂದಿದ್ದಾರೆ. ಎರಡಕ್ಕೂ ಹೂಂ ಅಂದೆ. ಅಜ್ಜಿ ಚಿಕ್ಕಮ್ಮನ ಮನೆಯಲ್ಲಿರುತ್ತಾಳೆ. ನೀನು ಬೈಯುವುದಿದ್ದರೆ ಕಂಪ್ಲಿಗೇ ಬಾ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತೇನೆ.