ಪಕ್ಕದಲ್ಲಿ ಕೂತವಳು

ಮೇ ೧೮, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಭಾವನ ಕೆಮ್ಮು ಇಳಿಯಿತೇ? ಅತ್ತೆಯ ಮಂಡಿನೋವು? ನಿನ್ನ ಹುಟ್ಟುಹಬ್ಬಕ್ಕೆ ಕಾಗದ ಬರೆಯುತ್ತೇನೆಂದು ಮಾತು ಕೊಟ್ಟವಳು ಈಗ ಕೂತಿದ್ದೇನೆ. ಬೈದುಕೋ, ಪರವಾಗಿಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಮಾತ್ರ ಕೇಳಬೇಡ. ಫೋನಿನಲ್ಲಿ ನೀನು "ಊಟ ಆಯ್ತಾ?" ಎನ್ನುತ್ತೀಯ, ನಾನು "ಆಯ್ತು, ನಿಂದು?" ಎನ್ನುತ್ತೇನೆ. ಆಮೇಲೆ ಫೋನನ್ನು ಇನ್ನೊಬ್ಬರು ಇಡಲಿ ಎಂದು ಇಬ್ಬರೂ ಕಾಯುತ್ತೇವೆ.

ಮೊದಲು ಸಮಾಧಾನದ ಸುದ್ದಿ: ಕೆಲಸ ಬಿಟ್ಟಿಲ್ಲ. ಹತ್ತನೇ ಕ್ಲಾಸನ್ನು ನಡುವಲ್ಲೇ ಬಿಟ್ಟೆ, ಹೊಲಿಗೆ ತರಗತಿ ಬಿಟ್ಟೆ, ಔಷಧಿ ಅಂಗಡಿ ಬಿಟ್ಟೆ. ಈ ಟೀವಿ ಚಾನೆಲ್ಲಿನಲ್ಲಿ ಮಾತ್ರ ಎರಡನೇ ವರ್ಷ ನಡೆಯುತ್ತಿದೆ. ಕೆಲಸ ನಿನಗೆ ಗೊತ್ತೇ ಇದೆ. ಬೇರೆ ದೇಶದ ಹೆಂಗಸರು ಸುದ್ದಿಯಲ್ಲಿ ಮಾತನಾಡಿದರೆ ಅವರ ದನಿ ಇಳಿಸಿ, ಮೇಲೆ ನನ್ನ ದನಿಯಲ್ಲಿ ಕನ್ನಡ ಕೂರಿಸುತ್ತಾರೆ. ಇಷ್ಟರಲ್ಲಿ ನಾನು ಮಂತ್ರಿಯಾಗಿದ್ದೇನೆ, ಪ್ರವಾಹದಲ್ಲಿ ಮನೆ ಕಳೆದುಕೊಂಡಿದ್ದೇನೆ, ತೊಂಬತ್ತರ ಅಜ್ಜಿಯಾಗಿ ಓಟದಲ್ಲಿ ಗೆದ್ದಿದ್ದೇನೆ. ರೆಕಾರ್ಡಿಂಗ್ ರೂಮು ನಮ್ಮ ಬಚ್ಚಲಿನಷ್ಟಿದೆ. ಗೋಡೆಗೆಲ್ಲ ಸ್ಪಂಜು. ಫ್ಯಾನ್ ಹಾಕಿದರೆ ಮೈಕಿಗೆ ಕೇಳುತ್ತದೆ, ಆದ್ದರಿಂದ ಬೆವರುತ್ತಲೇ ಅಳಬೇಕು.

ಯುದ್ಧದ ಸುದ್ದಿ ನೀನು ನೋಡುವುದಿಲ್ಲ ಎಂದು ಗೊತ್ತು. ಆದರೂ ಕೇಳು. ಯುದ್ಧ ಶುರುವಾದಾಗ ನಾನು ಒಬ್ಬ ಇಸ್ರೇಲಿ ತಾಯಿಯಾಗಿದ್ದೆ. ಅವಳ ಮಗ ಸತ್ತಿದ್ದ. ಅವನು ಗಿಟಾರಿನ ತಂತಿ ಕಿತ್ತುಹೋಗಿದ್ದಕ್ಕೆ ತಂಗಿಯ ಜೊತೆ ಜಗಳವಾಡಿದ್ದನ್ನು ಅವಳು ಹೇಳಿದಳು. ಓದುವಾಗ ಎರಡು ಸಲ ನಿಲ್ಲಿಸಿ ಮತ್ತೆ ಮೊದಲಿಂದ ಶುರುಮಾಡಿದೆ. ಅವಳ ನೋವು ನೋವೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆಮೇಲೆ ಗಾಜಾದ ದೃಶ್ಯಗಳು ಬರತೊಡಗಿದವು. ಅದಕ್ಕೆ ನಮ್ಮಲ್ಲಿ ಬೇರೆಯೇ ಪದ್ಧತಿ. ದನಿ ಇಳಿಸು, ಕೆಳಗೆ ಪಿಟೀಲು ಹಾಕು, ಸುದ್ದಿ ಓದುವವರಿಂದ ಸತ್ತವರ ಸಂಖ್ಯೆ ಓದಿಸು. ಅಷ್ಟೇ. ಅಲ್ಲಿನ ಹೆಂಗಸರು ಬಾಯಿ ತೆರೆಯುತ್ತಾರೆ, ಪಿಟೀಲು ಕೇಳುತ್ತದೆ. ನಮ್ಮ ವೀಡಿಯೋ ಎಡಿಟರ್ ಒಬ್ಬರಿದ್ದಾರೆ, ಎಲ್ಲರೂ ಕತ್ತರಿ ಅಣ್ಣ ಎನ್ನುತ್ತಾರೆ. ಅವರು ಬಾಗಿಲಲ್ಲಿ ತಲೆ ಹಾಕಿ, "ಇವತ್ತು ಗಾಜಾ ಮಾತ್ರ ಕಣೇ, ನಿನಗೇನೂ ಕೆಲಸ ಇಲ್ಲ, ಟೀ ಕುಡಿ ಹೋಗು" ಎನ್ನುತ್ತಿದ್ದರು. ಅಕ್ಕಾ, ಅತಿ ಹೆಚ್ಚು ಜನ ಸತ್ತ ದಿನ ನನಗೆ ಕೆಲಸ ಇರುತ್ತಿರಲಿಲ್ಲ.

ಆ ಟೀ ನನಗೆ ಇಳಿಯಲಿಲ್ಲ. ಬುಲೆಟಿನ್ ನೋಡಿಕೊಳ್ಳುವ ಮೇಡಂ ಹತ್ತಿರ ಹೋದೆ.

"ಅದು ದಿನಾ ಇರೋ ಕಥೆಯಮ್ಮ," ಎಂದರು. "ಜನ ಚಾನೆಲ್ ಬದಲಾಯಿಸ್ತಾರೆ."

"ದಿನಾ ಆಗ್ತಿದೆ ಅನ್ನೋದೇ ಅಲ್ವಾ ಮೇಡಂ ಸುದ್ದಿ?"

"ನಾವು ಯಾರ ಕಡೆಗೂ ವಾಲಬಾರದು."

"ಒಬ್ಬಳಿಗೆ ನನ್ನ ದನಿ ಕೊಟ್ಟಾಗಿದೆ. ಇನ್ನೊಬ್ಬಳಿಗೂ ಕೊಟ್ಟರೆ ತಾನೇ ನೆಟ್ಟಗೆ ನಿಲ್ಲೋದು?"

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಲ್ಲಿವರೆಗೆ ಓದಿದ್ದೀಯಾ ನೀನು?"

"ಒಂಬತ್ತು ಪಾಸು, ಹತ್ತು ಅರ್ಧ."

"ಮಿಕ್ಕರ್ಧ ಓದಿದ್ರೆ ಅರ್ಥ ಆಗ್ತಿತ್ತು."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ, ಎಂದು ಅಮ್ಮ ಹೇಳುತ್ತಿದ್ದಳಲ್ಲ, ಹಾಗಾಯಿತು. ಆದರೆ ನನ್ನ ಹಟ ನಿನಗೆ ಗೊತ್ತು. ಬೆಳಿಗ್ಗೆ ಲಿಫ್ಟಿನಲ್ಲಿ ಕೇಳಿದೆ, ಕ್ಯಾಂಟೀನಿನ ಸಾಲಿನಲ್ಲಿ ಕೇಳಿದೆ, ಅವರು ಕೈ ತೊಳೆಯುವಾಗ ಪಕ್ಕದ ನಲ್ಲಿಯಲ್ಲಿ ನಿಂತು ಕೇಳಿದೆ. ಕೊನೆಗೆ ಅವರೇ ಸೋತು, "ಮಾರಾಯ್ತಿ, ಇಪ್ಪತ್ತು ಸೆಕೆಂಡು ತಗೋ. ಮಧ್ಯಾಹ್ನದ ಬುಲೆಟಿನ್ನು. ತಪ್ಪಾದ್ರೆ ನಿನ್ನ ತಲೆ ಮೇಲೆ" ಎಂದರು.

ಅವತ್ತು ಬಂದ ದೃಶ್ಯದಲ್ಲಿ ಒಂದು ಆಸ್ಪತ್ರೆಯ ಓಣಿ. ನೆಲದ ಮೇಲೆ ಇಬ್ಬರು ಹೆಂಗಸರು. ಒಬ್ಬಳು ಎದೆ ಬಡಿದುಕೊಂಡು ಅಳುತ್ತಿದ್ದಳು. ಇನ್ನೊಬ್ಬಳು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ ಗೋಡೆಯ ಕಡೆ ಕೂತಿದ್ದಳು. ದೃಶ್ಯದ ಜೊತೆ ಬಂದ ಇಂಗ್ಲಿಷ್ ಹಾಳೆಯಲ್ಲಿ, ಬಾಂಬಿಗೆ ಸತ್ತ ಹುಡುಗಿಯ ತಾಯಿ ಆಡಿದ ಮಾತಿತ್ತು. ಕತ್ತರಿ ಅಣ್ಣ ಅರ್ಥ ಹೇಳಿದರು, ನಾನು ಕನ್ನಡ ಮಾಡಿಕೊಂಡೆ: "ಜಡೆ ಹಾಕಿಸಿಕೊಳ್ಳೋಕೆ ಕೂತಿದ್ದಳು. ಒಂದು ಜಡೆ ಆಗಿತ್ತು. ಇನ್ನೊಂದಕ್ಕೆ ರಿಬ್ಬನ್ ತರ್ತೀನಿ ಅಂತ ಒಳಗೆ ಹೋದಳು. ನನ್ನ ಕೈಯಲ್ಲಿ ಬಾಚಣಿಗೆ ಇತ್ತು."

"ಯಾವ ಮುಖ ಹಾಕಲಿ?" ಎಂದು ಕತ್ತರಿ ಅಣ್ಣ ಕೇಳಿದರು.

"ಇದೆಂಥ ಪ್ರಶ್ನೆ ಅಣ್ಣ? ಅಳ್ತಿರೋಳೇ ತಾಯಿ."

ಹಾಗೆಂದೆ ನಾನು. ಮೂಲ ದನಿಯನ್ನು ಒಂದು ಸಲವಾದರೂ ಏರಿಸಿ ಕೇಳೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ. ದನಿ ಇಳಿಸುವುದೇ ನಮ್ಮ ಕೈಗೆ ಕೂತುಬಿಟ್ಟಿತ್ತು.

ಪ್ರಸಾರವಾಯಿತು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದವರು ನಿಂತು ನೋಡಿದರು. ಲೆಕ್ಕಪತ್ರದ ವಿಭಾಗದ ಗಡಸು ಮನುಷ್ಯರೊಬ್ಬರು ಅನ್ನ ಕಲಸುವುದನ್ನು ನಿಲ್ಲಿಸಿ, "ರಿಬ್ಬನ್ ಅಂದ್ರಾ?" ಎಂದು ಯಾರನ್ನೋ ಕೇಳಿದರು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಹೇಳಲು ನಾಚಿಕೆ. ಒಂದು ಮಗು ಸತ್ತಿತ್ತು, ನಾನು ಗೆದ್ದವಳ ಹಾಗೆ ಎರಡು ಟೀ ಕುಡಿದೆ.

ಮರುದಿನ ಒಬ್ಬ ವೀಕ್ಷಕರು ಫೋನ್ ಮಾಡಿದರು. ಬಹಳ ವರ್ಷ ಅರಬ್ ದೇಶದಲ್ಲಿ ಕೆಲಸ ಮಾಡಿದವರಂತೆ. ಜಗಳದ ದನಿಯಲ್ಲ. "ತಂಗಿ, ತೋರಿಸಿದ್ದಕ್ಕೆ ಸಂತೋಷ. ಆದ್ರೆ ಅಳ್ತಿದ್ದೋಳು ತಾಯಿ ಅಲ್ಲಮ್ಮ, ಚಿಕ್ಕಮ್ಮ. ಸಣ್ಣಗೆ ಕೇಳಿಸುತ್ತೆ ನೋಡಿ, ಅವಳು 'ಅಕ್ಕಾ, ಅಕ್ಕಾ' ಅಂತ ಕರೀತಿದ್ದಾಳೆ. ಮಾತಾಡಿದ್ದು ಪಕ್ಕದಲ್ಲಿ ಗೋಡೆ ನೋಡ್ತಾ ಕೂತೋಳು."

ಹೆಡ್‌ಫೋನ್ ಹಾಕಿಕೊಂಡು ದನಿ ಏರಿಸಿದೆ. ನಿಜ. ಆ ಭಾಷೆಯ ಒಂದಕ್ಷರ ನನಗೆ ಬಾರದು, ಆದರೆ ಕರೆಯುವ ಆ ರೀತಿ ಗೊತ್ತಾಯಿತು. ಅದರ ಅಡಿಯಲ್ಲಿ ಇನ್ನೊಂದು ದನಿ, ತರಕಾರಿ ಬೆಲೆ ಹೇಳುವಷ್ಟು ಸಮನಾಗಿ, ಮಾತನಾಡುತ್ತಲೇ ಇತ್ತು.

ಕತ್ತರಿ ಅಣ್ಣ, "ಬಿಡೇ, ಒಬ್ಬರಿಗೆ ಗೊತ್ತಾಗಿದೆ, ಅವರೂ ಒಳ್ಳೆಯವರು. ಕೆರೆದು ಗಾಯ ಮಾಡ್ಕೋಬೇಡ" ಎಂದರು. ಆಗಲಿಲ್ಲ ಅಕ್ಕಾ. ಊರೆಲ್ಲ ಸುಳ್ಳು ಹೇಳುತ್ತದೆಂದು ಕೂಗಾಡಿದವಳು ನನ್ನ ಸುಳ್ಳನ್ನು ಸೆರಗಿನಲ್ಲಿ ಕಟ್ಟಿಕೊಳ್ಳಲೇ? ಮೇಡಂ ಹತ್ತಿರ ಹೋಗಿ ಹೇಳಿದೆ. ಮಗು ಸತ್ತದ್ದು ನಿಜ, ಮಾತು ತಾಯಿಯದೇ, ಮುಖ ಮಾತ್ರ ತಪ್ಪು, ಹೀಗೆಂದು ತಿದ್ದುಪಡಿ ಹಾಕಿ ಎಂದೆ.

ಅವರು ಹಾಕಿದ್ದು ಏನು ಗೊತ್ತೇ? "ನಿನ್ನೆ ಪ್ರಸಾರವಾದ ಗಾಜಾ ವರದಿಯಲ್ಲಿ ದೋಷವಿತ್ತು, ವಿಷಾದಿಸುತ್ತೇವೆ." ಅಷ್ಟೇ.

"ಯಾವ ದೋಷ ಅಂತ ಹೇಳಬೇಕಲ್ವಾ ಮೇಡಂ?"

"ತಿದ್ದುಪಡಿ ಅಷ್ಟುದ್ದ ಇರಲ್ಲಮ್ಮ."

ಸಂಜೆಯೊಳಗೆ ಇಂಟರ್ನೆಟ್ಟಿನಲ್ಲಿ ಆ ದೃಶ್ಯದ ಕೆಳಗೆ ಜನ ಬರೆದರು: ನಾಟಕ. ಬಾಡಿಗೆ ಅಳು. ಹುಡುಗಿಯೇ ಇರಲಿಲ್ಲವಂತೆ. ಅಕ್ಕಾ, ಮೊದಲು ಅವಳು ಬರೀ ಒಂದು ಸಂಖ್ಯೆಯಾಗಿದ್ದಳು. ನಾನು ಕೈ ಹಾಕಿದ ಮೇಲೆ ಸಂಖ್ಯೆಯಾಗಿಯೂ ಉಳಿಯದೆ ಸುಳ್ಳಾದಳು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನೀನು ನನಗೆ ಎಷ್ಟು ಸಲ ಹೇಳಿದ್ದೀಯ.

"ನೋಡಿದ್ಯಾ? ಇದಕ್ಕೇ ನಾವು ಅವರಿಗೆ ದನಿ ಕೊಡಲ್ಲ," ಎಂದರು ಮೇಡಂ. ನಾನೆಂದೆ: "ನನ್ನ ತಪ್ಪು ನಂದು ಮೇಡಂ, ಹೊತ್ಕೋತೀನಿ. ಅದರ ಅಡಿಯಲ್ಲಿ ನಿಮ್ಮದನ್ನ ಬಚ್ಚಿಡಬೇಡಿ."

ಈಗ ನನಗೆ ಸೋಪಿನ ಜಾಹೀರಾತು, ಹವಾಮಾನ. ಗಾಜಾಕ್ಕೆ ಮತ್ತೆ ಪಿಟೀಲು. ಹಿಂದಿನ ನಾನಾಗಿದ್ದರೆ ಚೀಲ ಎತ್ತಿಕೊಂಡು ಹೊರಡುತ್ತಿದ್ದೆ. ಈ ಸಲ ಕಾಲು ಏಳಲಿಲ್ಲ. ನಾನೂ ಹೋದರೆ ಸರಿಯಾದ ತಿದ್ದುಪಡಿ ಹಾಕಿ ಎಂದು ಕೇಳುವವರು ಯಾರು? ದಿನಾ ಹೋಗಿ ಕೇಳುತ್ತೇನೆ. ಮೇಡಂ ಈಗ ಮೆಟ್ಟಿಲು ಹತ್ತಿ ಬರುತ್ತಾರೆ, ಲಿಫ್ಟಿನಲ್ಲಿ ನಾನಿರುತ್ತೇನೆಂದು. ಮೊನ್ನೆಯಿಂದ ಕತ್ತರಿ ಅಣ್ಣ ಮಾತ್ರ, ಯಾರಿಗೂ ಹೇಳದೆ, ಕತ್ತರಿಸುವ ಮುಂಚೆ ಒಂದು ಸಲ ದನಿ ಏರಿಸಿ ಕೇಳುತ್ತಾರೆ. ಕೇಳಿ, ಮತ್ತೆ ಇಳಿಸುತ್ತಾರೆ.

ಭಾವನಿಗೂ ಅತ್ತೆಗೂ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣು, ಫೋನಿನಲ್ಲಿ ಹೇಳುವುದಕ್ಕಲ್ಲ, ನಿಜವಾಗಿಯೂ. ನಿನ್ನ ಈ ತಂಗಿಯ ತಲೆಯ ಮೇಲೆ ನಿನ್ನ ಕೈ ಇರಲಿ.

ನಿನ್ನ,
ಬಾಲ ಸುಟ್ಟ ಬೆಕ್ಕು

ಮತ್ತೆ: ಕಾಗದ ಮಡಿಸಿದವಳು ಬಿಡಿಸಿ ಇದನ್ನು ಬರೆಯುತ್ತಿದ್ದೇನೆ. ನಿನ್ನ ಮಗಳು ಪುಟ್ಟಿ ಜ್ವರದಲ್ಲಿ ಹೋದ ದಿನ ಅತ್ತೆ ಎದೆ ಬಡಿದುಕೊಂಡು ಅತ್ತರು. ಬಂದವರೆಲ್ಲ ಅವರ ಸುತ್ತ ಕೂತರು. ನಾನೂ ಅವರಿಗೇ ನೀರು ಕೊಟ್ಟೆ, ಅವರ ಬೆನ್ನನ್ನೇ ಸವರಿದೆ. ನೀನು ಗೋಡೆಗೆ ಮುಖ ಮಾಡಿ, ಅವಳ ಫ್ರಾಕು ಮಡಿಸುತ್ತಾ ಕೂತಿದ್ದೆ. "ಇವಳ ಕಣ್ಣಲ್ಲಿ ಒಂದು ಹನಿ ಇಲ್ಲ" ಎಂದು ಯಾರೋ ಅಂದರು. ಆದರೆ ನಿನ್ನ ತುಟಿ ಅಲ್ಲಾಡುತ್ತಿತ್ತು. ನಾನು ನೋಡಿದ್ದೆ. ಆ ಅಳುವಿನಲ್ಲಿ ಕೇಳಿಸಲಿಲ್ಲ, ಹತ್ತಿರ ಬಂದು ಕೇಳಲೂ ಇಲ್ಲ. ಅಕ್ಕಾ, ಅವತ್ತು ನೀನು ಏನು ಹೇಳುತ್ತಿದ್ದೆ?