ಹತ್ತು ನಿಮಿಷ ಪೀಪಿ ಹೇಳಿದಂತೆ

ಮಾರ್ಚ್ 3, ಮಂಗಳವಾರ. ಮಧ್ಯಾಹ್ನ 2

ಬೆಳಿಗ್ಗೆಯಿಂದ ನಾಲ್ಕು ಡ್ರೈವಿಂಗ್ ಕ್ಲಾಸ್. ಬ್ಯಾಂಕಿನ ಮೇಡಂ ಇವತ್ತೂ ಕ್ಲಚ್ ಬಿಟ್ಟು ಮೂರು ಸಲ ಗಾಡಿ ಆಫ್ ಮಾಡಿದರು. ರಿವರ್ಸ್ ತೆಗೆಯುವಾಗ ಯಾರದೋ ಗೇಟಿಗೆ ಗುದ್ದಿದರು. "ಪರವಾಗಿಲ್ಲ ಮೇಡಂ, ಕಲಿಯೋವಾಗ ಎಲ್ರಿಗೂ ಆಗುತ್ತೆ" ಅಂದೆ. ನನ್ನ ಕಡೆಗೂ ಒಂದು ಬ್ರೇಕ್ ಇದೆ, ಟೀಚರ್ ಬ್ರೇಕ್. ಅದನ್ನು ಒತ್ತಿ ಒತ್ತಿ ಮೊಣಕಾಲು ಹಿಡಿದುಕೊಂಡಿದೆ.

ಆಮೇಲೆ ಶಾಲೆಯಿಂದ ಫೋನ್. ಹೋದೆ.

ಹುಟ್ಟಿದ ದಿನದಿಂದ ಊದುತ್ತಲೇ ಇದ್ದ ಮಗಳಿಗೆ ಪೀಪಿ ಅಂತ ನಾನೇ ಹೆಸರಿಟ್ಟಿದ್ದು. ಹತ್ತು ವರ್ಷ ಊದಿದಳು. ಈಗ ಎಂಟು ದಿನದಿಂದ ಸದ್ದೇ ಇಲ್ಲ. ಅವಳ ಟೀಚರ್ ಕೇಳಿದರು — "ತೋಳಲ್ಲಿ ಬಾಸುಂಡೆ ಗುರುತಿದೆ. ಸ್ಕೇಲಿಂದು ತಾನೆ?"

ಸುಳ್ಳು ಹೇಳಲಿಲ್ಲ. ಗಣಿತದ ಪೇಪರಿಗೆ ನನ್ನ ಸಹಿ ತಾನೇ ಗೀಚಿಕೊಂಡಿದ್ದಾಳೆ, ಎರಡು ಏಟು ಕೊಟ್ಟೆ, ತಪ್ಪಾ? ಅಂದೆ.

"ಆ ಪೇಪರ್ ನಿಮ್ಮ ಹತ್ರ ಯಾಕೆ ತರ್ಲಿಲ್ಲ ಅಂತ ಕೇಳಿದ್ರಾ?"

ಕೇಳಿರಲಿಲ್ಲ.

ಒಂದು ಚೀಟಿ ಕೊಟ್ಟರು. ಆರೋಗ್ಯ ಕೇಂದ್ರದಲ್ಲಿ ಅಪ್ಪ-ಅಮ್ಮಂದಿರಿಗೆ ತರಬೇತಿ, ಎಂಟು ಗುರುವಾರ. ನನಗೇ ಕ್ಲಾಸು! ದಿನಕ್ಕೆ ಆರು ಕ್ಲಾಸ್ ತೆಗೆದುಕೊಳ್ಳುವವಳಿಗೆ!

ಮಾರ್ಚ್ 5, ಗುರುವಾರ

ಹೋಗಲ್ಲ ಅಂತಲೇ ಕೂತಿದ್ದೆ. ಇವರು ಶೂ ಹಾಕಿಕೊಳ್ಳುತ್ತಾ, "ಹೋದ್ರೆ ಗಂಟೇನು ಹೋಗುತ್ತೆ, ಹೋಗಿ ಬಾ" ಅಂದರು. ವರ್ಷಕ್ಕೆರಡು ಸಲ ಬಾಯಿ ಬಿಡುವ ಮನುಷ್ಯ. ಹೋದೆ.

ಮಕ್ಕಳಿಗೆ ಲಸಿಕೆ ಹಾಕುವ ಕೋಣೆ. ಗಿಡ್ಡ ಕುರ್ಚಿಗಳು. ಮೊಣಕಾಲು ಗದ್ದಕ್ಕೆ ತಾಗುತ್ತಿತ್ತು. ಕ್ಲಾಸ್ ನಡೆಸುವ ಸಿಸ್ಟರ್ ಬೈಯುತ್ತಾರೆ ಅಂತ ಉತ್ತರವೆಲ್ಲ ರೆಡಿ ಮಾಡಿಕೊಂಡಿದ್ದೆ. ಬೈಯಲಿಲ್ಲ. ಟೀ ಕೊಟ್ಟರು. ಒಂದೇ ಪ್ರಶ್ನೆ — ಎಂಟು ವಾರ ಆದ ಮೇಲೆ ನಿಮ್ಮನೇಲಿ ಏನು ಬದಲಾಗಿರಬೇಕು?

ನನ್ನ ಸರದಿ ಬಂತು. "ನನ್ನ ಮಗಳು ತಪ್ಪು ಮಾಡಿದ್ರೆ ನನ್ನ ಹತ್ರಾನೇ ಬಂದು ಹೇಳ್ಬೇಕು" ಅಂದುಬಿಟ್ಟೆ. ಎಲ್ಲಿಂದ ಬಂತೋ ಆ ಮಾತು. ಟೀ ಲೋಟ ಎತ್ತಿ ಮುಖ ಮುಚ್ಚಿಕೊಂಡೆ.

ಹೋಮ್‌ವರ್ಕ್ ಬೇರೆ! ದಿನಕ್ಕೆ ಹತ್ತು ನಿಮಿಷ ಮಗು ಹೇಳಿದ ಆಟ. ಹೇಳಿಕೊಡಬಾರದು, ತಿದ್ದಬಾರದು. ಅವಳು ಮಾಡುತ್ತಿರುವುದನ್ನು ಸುಮ್ಮನೆ ಬಾಯಲ್ಲಿ ಹೇಳುತ್ತಾ ಕೂರಬೇಕು, ಅಷ್ಟೆ. ಇದೇನು ಮಹಾ.

ಮಾರ್ಚ್ 8, ಭಾನುವಾರ

ಮಹಾ ಕಷ್ಟ.

ಪೀಪಿ ಬೆಂಕಿಪೊಟ್ಟಣಗಳಲ್ಲಿ ಸೇತುವೆ ಕಟ್ಟಿದಳು. "ಪೀಪಿ ಇನ್ನೊಂದು ಪೊಟ್ಟಣ ಇಡ್ತಿದ್ದಾಳೆ" ಅಂದೆ. ಚೆನ್ನಾಗಿಯೇ ಶುರುವಾಯಿತು. ಮೂರನೇ ನಿಮಿಷಕ್ಕೆ — "ಸ್ವಲ್ಪ ಎಡಕ್ಕೆ… ನಿಧಾನ… ಹಿಂದೆ ನೋಡ್ಕೊಂಡು…"

"ಅಮ್ಮಾ, ನೆಲ ಯಾಕೆ ತುಳೀತಿದ್ದೀಯ?"

ನೋಡಿದರೆ ಕಾಲು ನೆಲವನ್ನು ಗಟ್ಟಿಯಾಗಿ ಒತ್ತಿ ಹಿಡಿದಿದೆ. ಸೇತುವೆಗೆ ಬ್ರೇಕ್ ಹಾಕುತ್ತಿದ್ದೆ! ಒಳಗಿನ ಕೋಣೆಯಲ್ಲಿ ಇವರು ಕಿಸಕ್ಕಂದರು. ಪೀಪಿಯ ತುಟಿಯ ಒಂದು ಮೂಲೆ ಅಲ್ಲಾಡಿತು. ನಗು ಅಂತ ಹೇಳಲಾರೆ. ಆದರೂ ಬರೆದಿಡುತ್ತೇನೆ.

ಮಾರ್ಚ್ 19, ಗುರುವಾರ

ಕ್ಲಾಸಿನಲ್ಲಿ ಒಬ್ಬ ಕಟಿಂಗ್ ಶಾಪಿನವನಿದ್ದಾನೆ. ಮಾತಿನಮಲ್ಲ. ಇವತ್ತು ಇದ್ದಕ್ಕಿದ್ದಂತೆ — "ಕತ್ತರಿ ಆಡಿಸೋವಾಗ ಗಿರಾಕಿ ತಲೆ ಅಲ್ಲಾಡಿಸಿದ್ರೆ ಕಪಾಳಕ್ಕೆ ಬಿಡ್ತೀನಾ ಸಿಸ್ಟರ್? ಸ್ವಲ್ಪ ನೇರ ಕೂತ್ಕೊಳಿ ಸರ್ ಅಂತೀನಿ. ಮತ್ತೆ ನನ್ನ ಮಗನಿಗೇ ಯಾಕೆ ಬಿಡ್ತೀನಿ?" ಅಂದ. ಯಾರೂ ನಗಲಿಲ್ಲ.

ನನಗೆ ಬ್ಯಾಂಕಿನ ಮೇಡಂ ನೆನಪಾದರು. ಗೇಟು ಗುದ್ದಿದವರಿಗೆ ಪರವಾಗಿಲ್ಲ. ಹತ್ತು ವರ್ಷದವಳಿಗೆ ಸ್ಕೇಲು. ಮೇಡಂ ನಾಳೆ ಬೇರೆ ಡ್ರೈವಿಂಗ್ ಸ್ಕೂಲಿಗೆ ಹೋಗಬಹುದು. ಪೀಪಿ ಎಲ್ಲಿ ಹೋಗುತ್ತಾಳೆ?

ನಾಚಿಕೆಯಾಯಿತು. ಅವನ ಬಾಯಿಗೆ ಸಕ್ಕರೆ ಹಾಕಬೇಕು.

ಮಾರ್ಚ್ 27, ಶುಕ್ರವಾರ

ಹೊಡೆದೆ. ಬೆಳಿಗ್ಗೆ, ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು, ಒಂದು ಸಾಕ್ಸ್ ಸಿಗಲಿಲ್ಲ… ಒಂದು ಸಾಕ್ಸಿಗೆ.

ಏಪ್ರಿಲ್ 7, ಮಂಗಳವಾರ

ಕಳೆದ ವಾರದ ಕ್ಲಾಸಿಗೆ ಚಕ್ಕರ್. ಹತ್ತು ನಿಮಿಷದ ಆಟಕ್ಕೂ ಚಕ್ಕರ್. ಯಾವ ಮುಖ ಇಟ್ಟುಕೊಂಡು ಕೂರಲಿ?

ಇವತ್ತು ಸಿಸ್ಟರ್ ಫೋನ್ ಮಾಡಿದರು. "ಜ್ವರ ಇತ್ತು" ಅಂದೆ. "ಅಯ್ಯೋ, ಈಗ ಹೇಗಿದೀರಾ?" ಅಂದರು. ಆ ದನಿಗೆ ತಡೆಯಲಾಗಲಿಲ್ಲ. "ಜ್ವರ ಅಲ್ಲ ಸಿಸ್ಟರ್. ಹೊಡೆದ್ಬಿಟ್ಟೆ."

"ಹೇಳಿದ್ರಲ್ಲ, ಒಳ್ಳೇದಾಯ್ತು. ಗುರುವಾರ ಬನ್ನಿ. ಆದ್ರೆ ಅದಕ್ಕೆ ಮುಂಚೆ ಅವಳ ಹತ್ರ ಮಾತಾಡಿ."

ಫೋನ್ ಇಟ್ಟ ಮೇಲೆ ಹೊಳೆಯಿತು. ನಲವತ್ತು ದಾಟಿದವಳು ಬೈಗುಳಕ್ಕೆ ಹೆದರಿ ಜ್ವರ ಅಂತ ಕಟ್ಟುಕಥೆ ಹೇಳಿದೆ. ಹತ್ತು ವರ್ಷದವಳು ಒಂದು ಸಹಿ ಗೀಚಿದ್ದು ಏನು ದೊಡ್ಡದು. ಸಿಂಕಿನ ಮುಂದೆ ನಿಂತು ಅತ್ತೆ. ಸಿಸ್ಟರ್ ತಣ್ಣಗಿರಲಿ.

ಏಪ್ರಿಲ್ 9, ಗುರುವಾರ. ಬೆಳಿಗ್ಗೆ

ಜಡೆ ಹಾಕುವಾಗ ಹೇಳಿದೆ. ಅವಳ ಮುಖ ಆ ಕಡೆ ಇತ್ತು, ನನಗೂ ಸುಲಭವಾಯಿತು.

"ಸಾಕ್ಸಿಗೆ ಹೊಡೆದಿದ್ದು ನನ್ನ ತಪ್ಪು. ಅವತ್ತು ಸ್ಕೇಲಲ್ಲಿ ಎರಡು ಏಟು ಹೊಡೆದೆನಲ್ಲ, ಅದೂ ತಪ್ಪು ಕಣೇ."

"ನಾಲ್ಕು" ಅಂದಳು.

ಇಲ್ಲ ಅನ್ನಲು ಬಾಯಿ ತೆರೆದೆ. ಮುಚ್ಚಿದೆ. ಎಣಿಸಿದವಳು ಅವಳು.

"ನಾಲ್ಕು" ಅಂದೆ. "ಇನ್ಮೇಲೆ ಹೊಡೆಯಲ್ಲ. ಸಿಟ್ಟು ಬಂದ್ರೆ ಹಿತ್ತಿಲಿಗೆ ಹೋಗಿ ನಿಂತ್ಕೋತೀನಿ."

"ಮಳೆ ಬಂದ್ರೆ?"

"ನೆನೀತೀನಿ."

ನಕ್ಕಳು! ಅರ್ಧ ಹೆಣೆದ ಜಡೆ ಕೈಯಲ್ಲಿ ಹಿಡಿದು ನಾನೂ ನಕ್ಕೆ. ನನ್ನಮ್ಮ ಸೌಟು ಬೀಸಿದ್ದಕ್ಕೆ ಲೆಕ್ಕವಿಲ್ಲ. ಅವಳಿಗೆ ಇಂಥ ಗಿಡ್ಡ ಕುರ್ಚಿಯ ಕ್ಲಾಸ್ ಯಾರೂ ಕೊಡಲಿಲ್ಲ, ಪಾಪ.

ಏಪ್ರಿಲ್ 23, ಗುರುವಾರ

ಕೊನೆಯ ಕ್ಲಾಸ್. ಸರ್ಟಿಫಿಕೇಟ್ ಕೊಟ್ಟರು. "ಇದನ್ನ ಶಾಪಿನ ಕನ್ನಡಿ ಪಕ್ಕ ಹಾಕ್ತೀನಿ" ಅಂದ ಕಟಿಂಗ್ ಶಾಪಿನವನು. ಸಿಸ್ಟರ್ ಕೈ ಹಿಡಿದುಕೊಂಡು ಏನೇನೋ ಹೇಳಬೇಕು ಅಂದುಕೊಂಡಿದ್ದೆ, "ಟೀ ಚೆನ್ನಾಗಿತ್ತು" ಅಂದು ಬಂದೆ. ದಡ್ಡಿ. ಇಲ್ಲಾದರೂ ಬರೆಯುತ್ತೇನೆ — ಆ ಟೀಚರ್ ಬೈಯದೆ ಚೀಟಿ ಕೊಟ್ಟಿದ್ದಕ್ಕೆ, ಸಿಸ್ಟರ್ ಫೋನ್ ಮಾಡಿದ್ದಕ್ಕೆ, ಇವರು ಬಾಯಿ ಬಿಟ್ಟಿದ್ದಕ್ಕೆ, ನನ್ನ ಜನ್ಮ ಇರುವವರೆಗೂ ಋಣಿ.

ಪೀಪಿ ಮತ್ತೆ ಊದುತ್ತಿದ್ದಾಳೆ. ತಲೆ ಚಿಟ್ಟು ಹಿಡಿಸುವಷ್ಟು. ಗೆಳತಿಯ ವಿಷಯ, ವ್ಯಾನ್ ಡ್ರೈವರ್ ಗೊರಕೆ, ಎಲ್ಲ. ತಾನು ಮಾಡಿದ ತಪ್ಪು ಮಾತ್ರ ಒಂದೂ ಬಂದಿಲ್ಲ. ಮಾಡೇ ಇಲ್ಲವೋ, ಹೇಳುತ್ತಿಲ್ಲವೋ. ಒತ್ತಾಯ ಮಾಡುವ ಹಾಗಿಲ್ಲ. ಕಾಯುವುದು.

ಏಪ್ರಿಲ್ 26, ಭಾನುವಾರ. ಸಂಜೆ 5

ಗಾಡಿ ತೊಳೆದೆ. ಬ್ಯಾಂಕಿನ ಮೇಡಂ ಲೈಸೆನ್ಸ್ ಟೆಸ್ಟ್ ಪಾಸಾದರಂತೆ, ದೇವರೇ ಆ ರಸ್ತೆಯವರನ್ನು ಕಾಪಾಡಬೇಕು. ಪೀಪಿ ಬಾಗಿಲಲ್ಲಿ ನಿಂತು ಪರದೆ ತಿರುಚುತ್ತಿದ್ದಾಳೆ. ಏನೋ

5.40

ಬಂದು ಹೇಳಿದಳು.

"ಅಮ್ಮಾ, ನಾನೊಂದು ತಪ್ಪು ಮಾಡಿದೀನಿ. ನಿನ್ನ ಡೈರಿ ಓದ್ತಿದ್ದೆ."

"ಯಾವತ್ತಿಂದ?"

"ಮೊದಲಿಂದಾನೂ."

ಮೈಯೆಲ್ಲ ಉರಿಯಿತು. ನನ್ನದು ಅಂತ ಈ ಮನೆಯಲ್ಲಿರುವುದು ಇದೊಂದೇ ಪುಸ್ತಕ. ಹಿತ್ತಿಲಿಗೆ ಹೋಗಿ ನಿಂತೆ. ಐದು ನಿಮಿಷ ಹಿಡಿಯಿತು, ಇದು ನಾನು ಕಾಯುತ್ತಿದ್ದ ದಿನ ಅಂತ ಅರ್ಥವಾಗಲು. ಒಳಗೆ ಬಂದರೆ ಅಲ್ಲೇ ನಿಂತಿದ್ದಾಳೆ. ಓಡಿಹೋಗಿಲ್ಲ.

"ಹೇಳಿದ್ದು ಒಳ್ಳೇದಾಯ್ತು ಪುಟ್ಟ. ಆದ್ರೆ ಇದು ನನ್ನದು. ಕೇಳದೆ ಓದಬಾರದು" ಅಂದೆ. ದನಿ ನಡುಗಿತು, ಏರಲಿಲ್ಲ.

ಈಗ ಎದುರಿಗೇ ಕೂತು ಕಾಲು ಆಡಿಸುತ್ತಿದ್ದಾಳೆ. "ಸರಿ, ಕೇಳ್ತಿದೀನಿ. ಇವತ್ತಿಂದು ಓದ್ಲಾ?"

ತಡಿ ಪೀಪಿ, ಒಂದೇ ಸಾಲು ಬಾಕಿ ಇದೆ. ಹೆದರದೆ ಬಂದು ನನ್ನ ಹತ್ತಿರವೇ ಹೇಳಿದ ನನ್ನ… ಏಯ್, ಪುಸ್ತಕ ಎಳೀಬೇಡ, ಇನ್ನೂ ಮುಗಿದಿಲ್ಲ—